ಗೆರೆ ತಪ್ಪಿದ ಅಂಕ

ನರ್ಸಿಂಗ್ ಶಾಲೆಯಲ್ಲಿ ಹಾಜರಿ ಕರೆಯುವವರನ್ನು ಬಿಟ್ಟರೆ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎಲ್ಲರಿಗೂ ಅವಳು ಲೇಟಕ್ಕ. ತರಗತಿಯ ಹುಡುಗಿಯರೆಲ್ಲ ಇಪ್ಪತ್ತರ ಆಸುಪಾಸಿನವರು, ಇವಳು ಮೂವತ್ತೈದು ದಾಟಿದವಳು, ಹಾಗಾಗಿ ಅಕ್ಕ. ಮೊದಲ ಪಾಠ ಶುರುವಾಗಿ ಬಾಗಿಲು ಮುಚ್ಚಿದ ಮೇಲೆಯೇ ಬರುತ್ತಿದ್ದುದರಿಂದ ಲೇಟು. ಮನೆಯಲ್ಲಿ ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅತ್ತೆ ಇದ್ದರು. ಅವರನ್ನು ಎಬ್ಬಿಸಿ, ಮೈ ಒರೆಸಿ, ವಾಕರ್ ಹಿಡಿಸಿ ಪಡಸಾಲೆಯುದ್ದಕ್ಕೂ ನಡೆಸಿ, ಮಗಳ ಜಡೆ ಹೆಣೆದು ಶಾಲೆಗೆ ಬಿಟ್ಟು ಆಮೇಲೆ ಅವಳು ಬಸ್ಸು ಹತ್ತಬೇಕಿತ್ತು. ಗಂಡ ಸಿಟಿ ಬಸ್ಸಿನ ಡ್ರೈವರ್. "ಊರಿನವರನ್ನೆಲ್ಲ ಟೈಮಿಗೆ ಸರಿಯಾಗಿ ಮುಟ್ಟಿಸ್ತೀಯ, ಕಟ್ಕೊಂಡವಳನ್ನ ಮಾತ್ರ ದಿನಾ ಲೇಟು ಮಾಡ್ತೀಯ" ಎಂದು ಅತ್ತೆ ಮಗನನ್ನು ಚುಚ್ಚುತ್ತಿದ್ದರು.

ಶಾಲೆಯ ಟ್ಯೂಟರ್ ಮೇಡಂ ಕಟ್ಟುನಿಟ್ಟಿನ ಹೆಂಗಸು. ತಡವಾಗಿ ಬಂದರೆ ಅಂಕ ಕಡಿತ, ತಡವಾಗಿ ಬರೆದು ಕೊಟ್ಟರೆ ಇನ್ನಷ್ಟು ಕಡಿತ. "ರೋಗಿ ನಿಮಗೋಸ್ಕರ ಕಾಯ್ತಾ ಕೂತಿರಲ್ಲಮ್ಮ" ಎನ್ನುವುದು ಅವರ ಮಾತು. ವರ್ಷವಿಡೀ ಬರೆಸುವ ಟೆಸ್ಟು, ಅಸೈನ್‌ಮೆಂಟು, ವಾರ್ಡಿನ ಕೆಲಸ, ಚಾರ್ಟು ಎಲ್ಲ ಸೇರಿ ಶಾಲೆಯವರೇ ಹಾಕುವ ಅಂಕಕ್ಕೆ ಇಂಟರ್ನಲ್ ಎಂದು ಹೆಸರು. ಲೇಟಕ್ಕನ ಇಂಟರ್ನಲ್ ಪಾಸಿನ ಅಂಚಿನಲ್ಲಿ ತೂಗಾಡುತ್ತಿತ್ತು. ಉತ್ತರಕ್ಕೆ ಸಿಕ್ಕ ಅಂಕದ ಮೇಲೆ ಕೆಂಪು ಪೆನ್ನು ಗೀಟೆಳೆದು ಪಕ್ಕದಲ್ಲೇ ಇಳಿಸಿ ಬರೆಯುತ್ತಿತ್ತು. ಅವಳು ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ನಿಯಮ ಎಂದ ಮೇಲೆ ನಿಯಮ. ತಡವಾಗಿದ್ದೂ ನಿಜ.

ಓದುವುದಕ್ಕೆ ಅವಳಿಗೆ ಬೇರೆ ಹೊತ್ತು ಇರಲಿಲ್ಲ. ಅತ್ತೆಯ ಕಾಲು ನೀವುತ್ತ, ಹಾಸಿಗೆ ಬದಲಾಯಿಸುತ್ತ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಅತ್ತೆ ಸುಮ್ಮನೆ ಕೇಳಿಸಿಕೊಳ್ಳುವವರಲ್ಲ. "ಆ ಉದ್ದದ ಹೆಸರೆಲ್ಲ ಆಮೇಲೆ ಹೇಳುವಿಯಂತೆ. ನಾನು ಈಗ ಉಸಿರು ಸಿಗದೆ ಒದ್ದಾಡ್ತಾ ಇದ್ದೀನಿ ಅಂತ ಇಟ್ಕೋ. ಮೊದಲು ಏನು ಮಾಡ್ತೀಯ?" ಎಂದು ಅಡ್ಡ ಬಾಯಿ ಹಾಕುತ್ತಿದ್ದರು. "ಎಬ್ಬಿಸಿ ಕೂರಿಸ್ತೀನಿ ಅತ್ತೆ." "ಆಮೇಲೆ?" "ನಾಡಿ ನೋಡ್ತೀನಿ." "ಅಷ್ಟರಲ್ಲಿ ನಾನು ಹೋದೆ ಅಂದ್ರೆ?" "ಹೋಗೋಕೆ ಬಿಡಲ್ಲ, ಕೂಗಿ ಡಾಕ್ಟರನ್ನ ಕರೀತೀನಿ." ಹೀಗೆ ಅತ್ತೆ ದಿನಕ್ಕೊಂದು ರೋಗ ತಂದುಕೊಳ್ಳುತ್ತಿದ್ದರು, ಸೊಸೆ ಬದುಕಿಸುತ್ತಿದ್ದಳು.

ಎರಡನೇ ವರ್ಷದ ಫೈನಲ್ ಪರೀಕ್ಷೆ ಮುಗಿದು ಫಲಿತಾಂಶ ಬಂತು. ಫೈನಲ್ ಪರೀಕ್ಷೆ ಶಾಲೆಯದಲ್ಲ, ರಾಜ್ಯದ ಪರೀಕ್ಷಾ ಮಂಡಳಿಯದು. ಉತ್ತರ ಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ತಿದ್ದುವವರೂ ಬೇರೆ ಊರಿನವರು. ಫಲಿತಾಂಶ ಅಂಟಿಸಿದ್ದ ಗೋಡೆಯ ಮುಂದೆ ಲೇಟಕ್ಕ ಬಂದು ನಿಂತಾಗ ಹುಡುಗಿಯರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಫೇಲೇ ಇರಬೇಕು ಎಂದುಕೊಂಡು ಅವಳು ಕೆಳಗಿನಿಂದ ಹುಡುಕುತ್ತ ಹೋದಳು. ನಂಬರು ಸಿಗಲಿಲ್ಲ. ಕೊನೆಗೆ ಯಾರೋ ಬೆರಳಿಟ್ಟು ತೋರಿಸಿದರು. ಶಸ್ತ್ರಚಿಕಿತ್ಸೆಯ ರೋಗಿಗಳ ಆರೈಕೆ ಎಂಬ, ಎಲ್ಲರೂ ಹೆದರುವ ಆ ದೊಡ್ಡ ಪತ್ರಿಕೆಯಲ್ಲಿ ಇಡೀ ತರಗತಿಗೇ ಅವಳದು ಹೆಚ್ಚಿನ ಅಂಕ.

ಪರೀಕ್ಷೆಯಲ್ಲಿ ಅವಳ ಪಕ್ಕದ ನಂಬರು ಫಸ್ಟ್ ಬೆಂಚಿನದು. ಫಸ್ಟ್ ಬೆಂಚು ಎಂದರೆ ಆಸ್ಪತ್ರೆಯ ಎದುರಿನ ದೊಡ್ಡ ಔಷಧಿ ಅಂಗಡಿಯವರ ಒಬ್ಬಳೇ ಮಗಳು. ಮುತ್ತು ಪೋಣಿಸಿದಂಥ ಅಕ್ಷರ, ಬಣ್ಣ ಬಣ್ಣದ ಚಾರ್ಟು, ಇಂಟರ್ನಲ್‌ನಲ್ಲಿ ಯಾವಾಗಲೂ ಮೊದಲು. ಅವಳು ಅದೇ ಪತ್ರಿಕೆಯಲ್ಲಿ ಫೇಲಾಗಿದ್ದಳು.

ಮಾರನೆಯ ದಿನವೇ ಪ್ರಿನ್ಸಿಪಾಲರಿಂದ ಕರೆ ಬಂತು.

ಪ್ರಿನ್ಸಿಪಾಲರ ಕುರ್ಚಿಯ ಹಿಂದೆ ಗಾಜಿನ ಚೌಕಟ್ಟಿನಲ್ಲಿ ಒಂದು ನಕ್ಷೆ ತೂಗುತ್ತಿತ್ತು. ಹಿಂದಿನ ಎಷ್ಟೋ ಬ್ಯಾಚುಗಳ ಇಂಟರ್ನಲ್ ಅಂಕವನ್ನೂ ಫೈನಲ್ ಅಂಕವನ್ನೂ ಹೋಲಿಸಿ ಅವರೇ ಬರೆದದ್ದು. ಒಬ್ಬೊಬ್ಬ ವಿದ್ಯಾರ್ಥಿನಿಗೂ ಒಂದೊಂದು ಚುಕ್ಕೆ, ಚುಕ್ಕೆಗಳ ನಡುವೆ ಓರೆಯಾಗಿ ಮೇಲಕ್ಕೇರುವ ಒಂದು ಗೆರೆ. ಅದನ್ನು ಸಮ್ಮೇಳನವೊಂದರಲ್ಲಿ ಮಂಡಿಸಿ ಅವರು ಬೆನ್ನು ತಟ್ಟಿಸಿಕೊಂಡಿದ್ದರು.

"ಕೂತ್ಕೊಳ್ಳಿ" ಎಂದರು ಪ್ರಿನ್ಸಿಪಾಲರು. ದನಿ ಮೆತ್ತಗಿತ್ತು. "ಇದನ್ನ ನೋಡಿದ್ದೀರಲ್ಲ? ವರ್ಷವೆಲ್ಲ ಚೆನ್ನಾಗಿ ಮಾಡಿದವರು ಕೊನೆಗೂ ಚೆನ್ನಾಗಿ ಮಾಡ್ತಾರೆ. ವರ್ಷವೆಲ್ಲ ಹಿಂದೆ ಬಿದ್ದವರು ಕೊನೆಗೂ ಹಿಂದೇನೇ. ಸ್ವಲ್ಪ ಆಚೆ ಈಚೆ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ಈ ಸಲ ಎರಡು ಚುಕ್ಕೆ ಎಲ್ಲೋ ಹೋಗಿ ಬಿದ್ದಿವೆ. ನಿಮ್ಮದು ಮೇಲೆ, ಆ ಹುಡುಗೀದು ಕೆಳಗೆ. ಇಬ್ಬರೂ ಅಕ್ಕಪಕ್ಕ ಕೂತಿದ್ರಿ."

"ನಂಬರು ಅಕ್ಕಪಕ್ಕದ್ದು ಮೇಡಂ. ಕೂರಿಸಿದ್ದು ನೀವೇ."

"ಅದೇ ಹೇಳ್ತಾ ಇರೋದು. ಪತ್ರಿಕೆ ಅದಲು ಬದಲಾಗಿರಬಹುದು, ಇಲ್ಲ ಬೇರೆ ಏನೋ ಆಗಿರಬಹುದು. ನಾನು ಯಾರನ್ನೂ ಕಳ್ಳರು ಅಂತಿಲ್ಲ. ನಾಳಿದ್ದು ನಮ್ಮ ಸಮಿತಿ ಮುಂದೆ ಒಂದು ಸಣ್ಣ ಮೌಖಿಕ ಪರೀಕ್ಷೆ ಕೊಟ್ಟುಬಿಡಿ. ವಿಷಯ ಇಲ್ಲಿಗೇ ಮುಗಿಯುತ್ತೆ."

"ಯಾರ್ಯಾರಿಗೆ ಮೇಡಂ ಈ ಮೌಖಿಕ?"

"ನಿಮಗೆ."

"ಆ ಹುಡುಗಿಗೆ?"

"ಅವಳು ವರ್ಷವೆಲ್ಲ ತೋರಿಸಿದ್ದಾಳಲ್ಲ."

ಲೇಟಕ್ಕನಿಗೆ ಅಲ್ಲಿಯತನಕ ಇದ್ದದ್ದು ಹೆದರಿಕೆ. ಆ ಮಾತು ಕೇಳಿದ್ದೇ ಹೆದರಿಕೆ ಎಲ್ಲಿ ಹೋಯಿತೋ, ಕಿವಿ ಬಿಸಿಯಾಯಿತು.

"ನಾನು ಕೊಡಲ್ಲ ಮೇಡಂ."

"ನೀವೇ ಬರೆದಿದ್ದರೆ ಭಯ ಯಾಕೆ?"

"ಭಯ ಇಲ್ಲ. ಬೇರೆಯವರಿಗಿಲ್ಲದ ಪರೀಕ್ಷೆ ನನಗೊಬ್ಬಳಿಗೆ ಯಾಕೆ? ಕೊಡೋದಾದ್ರೆ ಇಡೀ ತರಗತಿ ಕೊಡಲಿ, ಅವರ ಜೊತೆ ನಾನೂ ನಿಲ್ತೀನಿ. ಇಲ್ಲ ಅಂದ್ರೆ ಮಂಡಳಿಯಿಂದ ಎರಡೂ ಉತ್ತರ ಪತ್ರಿಕೆ ತರಿಸಿ. ಅಕ್ಷರ ನೋಡಿದ್ರೆ ಯಾರದ್ದು ಅಂತ ಗೊತ್ತಾಗಲ್ವಾ? ನನ್ನ ಕೋಳಿ ಕಾಲು ಎಲ್ಲಿದ್ರೂ ಕಾಣುತ್ತೆ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. ಪತ್ರಿಕೆ ತರಿಸುವುದು ಅವರಿಗೆ ಬೇಡವಾಗಿತ್ತು. ಇಂಟರ್ನಲ್‌ಗೂ ಫೈನಲ್‌ಗೂ ಅಜಗಜಾಂತರ ಇದೆ ಎಂದು ಮಂಡಳಿಯ ಕಿವಿಗೆ ಬಿದ್ದರೆ ತನಿಖೆಗೆ ಜನ ಬರುತ್ತಾರೆ, ಶಾಲೆ ಹಾಕಿದ ಅಂಕಗಳನ್ನೆಲ್ಲ ಕೆದಕುತ್ತಾರೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. "ಅದಕ್ಕೆ ವಾರಗಟ್ಟಲೆ ಹಿಡಿಯುತ್ತೆ" ಎಂದರು. "ಅಲ್ಲೀತನಕ ನಿಮ್ಮ ಫಲಿತಾಂಶ ತಡೆಹಿಡೀಬೇಕಾಗುತ್ತೆ. ಮೂರನೇ ವರ್ಷದ ವಾರ್ಡಿಗೆ ಕಳಿಸೋಕಾಗಲ್ಲ. ಯೋಚನೆ ಮಾಡಿ. ನೂರಾರು ಮಕ್ಕಳನ್ನ ನೋಡಿ ಎಳೆದ ಗೆರೆ ಇದು, ಸುಮ್ಮನೆ ಅಲ್ಲ."

"ಗೆರೆ ಎಳೆದಿದ್ದು ನೀವು ಮೇಡಂ. ಪರೀಕ್ಷೆ ಬರೆದಿದ್ದು ನಾನು" ಎಂದು ಹೇಳಿ ಅವಳು ಎದ್ದು ಬಂದಳು. ಕಾರಿಡಾರಿನ ಕೊನೆಗೆ ಬಂದು ಕೊಳಾಯಿಗೆ ಬಾಯಿಟ್ಟು ನೀರು ಕುಡಿದಳು.

ಮನೆಯಲ್ಲಿ ಗಂಡ ವಿಷಯವನ್ನೆಲ್ಲ ಕೇಳಿ, ತಟ್ಟೆ ಪಕ್ಕಕ್ಕೆ ಸರಿಸಿದ. ಅವನು ಕೆಟ್ಟವನಲ್ಲ, ರಗಳೆ ಎಂದರೆ ಆಗದವನು.

"ಅವರು ಕೇಳೋ ನಾಲ್ಕು ಪ್ರಶ್ನೆಗೆ ಉತ್ತರ ಹೇಳಿ ಬಂದ್ಬಿಡು. ಗೊತ್ತಿರೋದು ತಾನೆ? ಏನು ಕಳ್ಕೊಳ್ತೀಯ?"

"ಹೇಳಿದ್ರೆ ಏನಂತಾರೆ ಗೊತ್ತಾ? ಪರವಾಗಿಲ್ಲ, ನಾವು ಪರೀಕ್ಷೆ ಮಾಡಿ ನೋಡಿದ್ವಿ, ಇವಳದ್ದೇ ಇರಬಹುದು ಅಂತಾರೆ. ಅವರು ಹೌದು ಅಂದ ಮೇಲೆ ನನ್ನ ಅಂಕ ನಂದಾಗ್ಬೇಕಾ? ಅದು ಈಗಲೇ ನಂದು ರೀ."

"ಹಟ ಮಾಡ್ಬೇಡ. ಒಂದು ವರ್ಷ ಹಾಳಾದ್ರೆ?"

"ಆಗಲಿ."

"ನಿನ್ನ ಬಸ್ಸಿಗೆ ಯಾರೋ ಗುದ್ದಿದ್ರು ಅಂತ ಇಟ್ಕೋ" ಎಂದು ಒಳಕೋಣೆಯಿಂದ ಅತ್ತೆಯ ದನಿ ಬಂತು. "ಗುದ್ದಿದವನನ್ನ ಬಿಟ್ಟು ನಿನ್ನನ್ನ ಕರೆದು, ನಿನಗೆ ಬಸ್ಸು ಓಡಿಸೋಕೆ ಬರುತ್ತಾ ತೋರ್ಸು ಅಂದ್ರೆ ತೋರಿಸ್ತೀಯೇನೋ?"

ಗಂಡ ತಟ್ಟೆ ಮತ್ತೆ ಹತ್ತಿರ ಎಳೆದುಕೊಂಡ. ಊಟ ಮುಗಿಸಿ ಕೈ ತೊಳೆಯುವಾಗ, "ಬೆಳಿಗ್ಗೆ ಮಗೂನ ಶಾಲೆಗೆ ನಾನೇ ಬಿಡ್ತೀನಿ, ಡ್ಯೂಟಿ ಬದಲಾಯಿಸ್ಕೊಳ್ತೀನಿ" ಎಂದಷ್ಟೇ ಹೇಳಿದ. ಈ ಮಾತನ್ನು ಎರಡು ವರ್ಷದ ಹಿಂದೆಯೇ ಹೇಳಬಹುದಿತ್ತಲ್ಲ ಎಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಫಸ್ಟ್ ಬೆಂಚಿನ ಅಪ್ಪ ಶಾಲೆಯ ಸಮಿತಿಯ ಸದಸ್ಯರೂ ಆಗಿದ್ದರು. ಅವರ ಒತ್ತಾಯದಿಂದ ಮಗಳ ಫಲಿತಾಂಶವನ್ನೂ 'ಪರಿಶೀಲನೆಯಲ್ಲಿದೆ' ಎಂದು ಬರೆದಿಡಲಾಯಿತು. ಹೀಗಾಗಿ ಉಳಿದವರೆಲ್ಲ ಮೂರನೇ ವರ್ಷದ ಹೊಸ ಸಮವಸ್ತ್ರ ತೊಟ್ಟು ವಾರ್ಡುಗಳಿಗೆ ಹೋದಾಗ ಇವರಿಬ್ಬರೇ ಅಭ್ಯಾಸದ ಕೋಣೆಯಲ್ಲಿ ಉಳಿದರು. ಅಲ್ಲಿ ಮಂಚದ ಮೇಲೆ ರಬ್ಬರಿನ ಬೊಂಬೆ ರೋಗಿಯೊಂದು ಬಾಯಿ ತೆರೆದು ಮಲಗಿತ್ತು. ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಅದರ ತೋಳು ಜರಡಿಯಾಗಿತ್ತು. ಆಚೆ ಈಚೆ ಎರಡು ಕುರ್ಚಿ. 

ಕೊನೆಗೆ ಒಂದು ಮಧ್ಯಾಹ್ನ ಹುಡುಗಿಯೇ ಮಾತಾಡಿದಳು. "ಅಕ್ಕ, ಮೂರನೇ ಪ್ರಶ್ನೆಗೆ ಏನು ಬರೆದ್ರಿ?"

ಹೊಟ್ಟೆಯ ಆಪರೇಷನ್ ಆಗಿ ವಾರ್ಡಿಗೆ ಬಂದ ರೋಗಿ ಚಡಪಡಿಸುತ್ತಿದ್ದಾನೆ, ನಾಡಿ ಓಡುತ್ತಿದೆ, ರಕ್ತದ ಒತ್ತಡ ಇಳಿಯುತ್ತಿದೆ, ಗಾಯದ ಬ್ಯಾಂಡೇಜು ಮಾತ್ರ ಒಣಗಿಯೇ ಇದೆ, ರಕ್ತ ಕಾಣುತ್ತಿಲ್ಲ. ಮೊದಲು ಏನು ಮಾಡುವಿರಿ, ಯಾಕೆ? ಇದು ಆ ಪ್ರಶ್ನೆ.

"ಒಳಗೊಳಗೇ ರಕ್ತ ಸೋರ್ತಿದೆ ಅಂತ ಬರೆದೆ. ಅವನ ಪಕ್ಕ ಬಿಟ್ಟು ಕದಲಬಾರದು, ಅಲ್ಲಿಂದಲೇ ಕೂಗಿ ಸರ್ಜನ್‌ನ ಕರೆಸ್ಬೇಕು, ಚಪ್ಪಟೆ ಮಲಗಿಸಿ ಆಕ್ಸಿಜನ್ ಹಾಕ್ಬೇಕು, ಡ್ರಿಪ್ ಸರಿಯಾಗಿ ಹೋಗ್ತಿದೆಯಾ ನೋಡ್ಬೇಕು ಅಂತ ಬರೆದೆ. ನೀನು?"

"ನಾನು ಆಪರೇಷನ್ ನಂತರದ ಆರೈಕೆ ಅಂತ ತಲೆಬರಹ ಹಾಕಿದೆ. ವ್ಯಾಖ್ಯೆ ಬರೆದೆ, ವಿಧಗಳು ಬರೆದೆ. ನಮ್ಮ ಚಾರ್ಟಲ್ಲಿ ಇದ್ದ ಹಾಗೇ ಎಲ್ಲ ಬರೆದೆ. ಬರೀತಾ ಬರೀತಾ ಮೊದಲು ಏನು ಅಂತ ನನಗೇ ಗೊತ್ತಿಲ್ಲ ಅನ್ನಿಸ್ತು.  ಆಮೇಲೆ ಮುಂದಿನ ಪ್ರಶ್ನೆಗಳನ್ನ ಓದೋಕೂ ಆಗ್ಲಿಲ್ಲ." ಅವಳು ಬೊಂಬೆಯ ಕಡೆ ನೋಡುತ್ತಿದ್ದಳು. "ಆ ಫೇಲಾದ ಪೇಪರು ನಂದೇ ಅಕ್ಕ. ನನಗೆ ಪರೀಕ್ಷೆ ಹಾಲಿಂದ ಆಚೆ ಬರೋವಾಗಲೇ ಗೊತ್ತಿತ್ತು."

"ಹಾಗಂತ ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ. ಅಪ್ಪ ಪೇಪರು ಬದಲಾಗಿದೆ ಅಂದಾಗ, ಇದ್ರೂ ಇರಬಹುದೇನೋ ಅಂತ ನಾನೂ..."

ಹುಡುಗಿ ಅಳತೊಡಗಿದಳು. ಲೇಟಕ್ಕ ಸಮಾಧಾನ ಮಾಡಲು ಹೋಗಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತ್ತು.

"ನೋಡೇ, ನೀನು ಫೇಲಾಗಿದ್ದಕ್ಕೆ ನನಗೆ ಬೇಜಾರಿದೆ. ಆದ್ರೆ ನಿಮ್ಮಪ್ಪನಿಗೆ ಮಗಳು ಫೇಲಾದಳು ಅಂತ ಒಪ್ಪೋದಕ್ಕಿಂತ ನಾನು ಕಳ್ಳಿ ಅನ್ನೋದು ಸುಲಭ ಆಯ್ತು. ನಿನಗೂ ಆಯ್ತು. ನನಗೂ ಒಬ್ಬಳು ಮಗಳಿದ್ದಾಳೆ. ಅಮ್ಮ ಯಾಕೆ ಆಸ್ಪತ್ರೆಗೆ ಹೋಗ್ತಿಲ್ಲ ಅಂತ ದಿನಾ ಕೇಳ್ತಾಳೆ. ಏನಂತ ಹೇಳ್ಲಿ?"

"ನಾನೀಗ ಏನು ಮಾಡ್ಲಿ ಅಕ್ಕ?"

"ನನ್ನ ಕೇಳ್ಬೇಡ. ನೀನು ಹೇಳಿದ್ರೂ, ಬಿಟ್ರೂ ನಾನಂತೂ ಪತ್ರಿಕೆ ತರಿಸದೆ ಬಿಡಲ್ಲ."

ಆ ವಾರದ ಕೊನೆಗೆ ಔಷಧಿ ಅಂಗಡಿಯವರು ಸಮಿತಿಯ ಪರವಾಗಿ ಶಾಲೆಗೆ ಬಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಟ್ಯೂಟರ್ ಮೇಡಂ ಕೂಡ ಇದ್ದರು. ಇಬ್ಬರು ವಿದ್ಯಾರ್ಥಿನಿಯರನ್ನೂ ನಿಲ್ಲಿಸಿಯೇ ಮಾತು ಶುರುವಾಯಿತು. ಔಷಧಿ ಅಂಗಡಿಯವರದು ಬೆಣ್ಣೆಯಂಥ ಮಾತು.

"ನೋಡಿಮ್ಮ, ನೀವು ಮನೆ ಮಠ ನೋಡ್ಕೊಂಡು ಓದೋರು. ನಿಮಗೂ ತೊಂದರೆ ಆಗ್ಬಾರ್ದು. ಗೊಂದಲ ಆಗಿದೆ, ಇಬ್ಬರದ್ದೂ ಈ ಪೇಪರು ರದ್ದು ಮಾಡಿ, ಮತ್ತೆ ಬರೀಲಿ ಅಂತ ನೀವಿಬ್ಬರೂ ಒಪ್ಪಿಗೆ ಕೊಟ್ರೆ ಸಾಕು. ಯಾರಿಗೂ ಕೆಟ್ಟ ಹೆಸರಿಲ್ಲ."

"ನನ್ನದು ರದ್ದು ಮಾಡೋಕೆ ನಾನು ಒಪ್ಪಲ್ಲ."

"ಅಷ್ಟು ಧೈರ್ಯ ಇದ್ರೆ ಇವತ್ತೇ ಎರಡು ಪ್ರಶ್ನೆ ಕೇಳ್ತೀನಿ, ಹೇಳಿಬಿಡಿ ನೋಡೋಣ."

"ನಿಮ್ಮ ಅಂಗಡಿಗೆ ಕೆಲಸ ಕೇಳ್ಕೊಂಡು ಬಂದಾಗ ಕೇಳಿ ಸಾರ್. ಇಲ್ಲಿ ಬೇಡ."

ಟ್ಯೂಟರ್ ಮೇಡಂ ತಲೆ ತಗ್ಗಿಸಿದರು. ನಗು ತಡೆಯಲಿಕ್ಕೋ ಏನೋ ತಿಳಿಯಲಿಲ್ಲ. ಔಷಧಿ ಅಂಗಡಿಯವರ ಮುಖ ಕೆಂಪೇರಿತು. "ಕ್ಲಾಸಿಗೆ ಒಂದು ದಿನ ಸರಿಯಾಗಿ ಬಾರದವರಿಗೆ ಇಷ್ಟು ಜಂಬ!" ಎಂದು ಅವರು ಎದ್ದು ನಿಂತರು.

"ಅಪ್ಪ, ಕೂತ್ಕೊಳ್ಳಿ."

ಎಲ್ಲರೂ ಹುಡುಗಿಯ ಕಡೆ ತಿರುಗಿದರು. ಅವಳ ಮುಖ ಬಿಳಿಚಿಕೊಂಡಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಪೇಪರು ಬದಲಾಗಿಲ್ಲ. ನಾನೇ ಸರಿಯಾಗಿ ಬರೆದಿಲ್ಲ."

"ಇವಳಿಗೆ ತಲೆ ಕೆಟ್ಟಿದೆ. ಊಟ ನಿದ್ದೆ ಬಿಟ್ಟು..."

"ನನ್ನ ತಲೆ ಸರಿಯಾಗೇ ಇದೆ ಅಪ್ಪ. ಮೇಡಂ, ಮಂಡಳಿಗೆ ಅರ್ಜಿ ಹಾಕಿ. ಅಕ್ಕನ ಜೊತೆ ನಾನೂ ಸಹಿ ಹಾಕ್ತೀನಿ. ಎರಡೂ ಪತ್ರಿಕೆ ಬರಲಿ. ನನ್ನ ಅಕ್ಷರ ನಿಮಗೆಲ್ಲ ಗೊತ್ತು."

ಔಷಧಿ ಅಂಗಡಿಯವರು ಮಗಳ ತೋಳು ಹಿಡಿಯಲು ಹೋದರು. ಅವಳು ಬಿಡಿಸಿಕೊಂಡು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಳು. ಇನ್ನು ಅರ್ಜಿ ಹಾಕದೆ ಪ್ರಿನ್ಸಿಪಾಲರಿಗೆ ದಾರಿ ಇರಲಿಲ್ಲ.

ಪತ್ರಿಕೆಗಳು ಬಂದವು, ಪ್ರಿನ್ಸಿಪಾಲರು ಹೆದರಿದ್ದಂತೆಯೇ ಮಂಡಳಿಯ ಇಬ್ಬರು ಅಧಿಕಾರಿಗಳನ್ನು ಜೊತೆಗೆ ಕರೆದುಕೊಂಡೇ ಬಂದವು. ಅಕ್ಷರ ನೋಡುವ ಕೆಲಸ ಕುರ್ಚಿಯಲ್ಲಿ ಕೂರುವಷ್ಟರಲ್ಲೇ ಮುಗಿಯಿತು. ಆಮೇಲೆ ಅಧಿಕಾರಿಗಳು ಇಂಟರ್ನಲ್‌ಗೆ ಬಂದರು. ಇಷ್ಟು ಬರೆಯಬಲ್ಲವಳಿಗೆ ಇಷ್ಟು ಕಡಿಮೆ ಯಾಕೆ ಎಂದು ಕೇಳಿದರು. ಪ್ರಿನ್ಸಿಪಾಲರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳಲು ಹೊರಟಾಗ ಟ್ಯೂಟರ್ ಮೇಡಂ ಎದ್ದರು.

"ಕತ್ತರಿಸಿದ್ದು ನಾನೇ. ತಡ ಮಾಡಿದ್ದಕ್ಕೆ ಕತ್ತರಿಸಿದೆ. ತಡ ಮಾಡಬಾರದು ಅನ್ನೋದನ್ನ ಈಗಲೂ ಹೇಳ್ತೀನಿ, ಆಸ್ಪತ್ರೆ ಕೆಲಸ ಇದು. ಆದರೆ ಅವಳು ಬರೆದಿದ್ದಕ್ಕೆ ನಾನು ಹಾಕಿದ್ದ ಅಂಕ ಆ ಕೆಂಪು ಗೀಟಿನ ಕೆಳಗೇ ಇದೆ, ನೋಡಿ. ಎರಡನ್ನೂ ಒಟ್ಟಿಗೆ ಸೇರಿಸಿ ಒಂದೇ ಅಂಕ ಮಾಡಿದ್ದು ಶಾಲೆ. ಚಾರ್ಟಿಗೆ ಅಷ್ಟೊಂದು ಅಂಕ ಇಟ್ಟಿದ್ದೂ ಶಾಲೆ. ಚೆಂದದ ಚಾರ್ಟು ಬರೆದವಳಿಗೆ ಎಲ್ಲ ಬರುತ್ತೆ ಅಂದ್ಕೊಂಡಿದ್ದು ಮಾತ್ರ ನಮ್ಮೆಲ್ಲರ ತಪ್ಪು."

ಅಧಿಕಾರಿಗಳು ಬರೆದುಕೊಂಡು ಹೋದರು. ಲೇಟಕ್ಕನ ಫಲಿತಾಂಶ ಬಿಡುಗಡೆಯಾಯಿತು. ಅದೇ ಸಂಜೆ ಪ್ರಿನ್ಸಿಪಾಲರು ಅವಳನ್ನು ಮತ್ತೆ ಕರೆಸಿದರು. ಈ ಸಲ ನಕ್ಷೆಯ ಮಾತು ಎತ್ತಲಿಲ್ಲ.

"ನಿಮ್ಮ ಇಂಟರ್ನಲ್‌ನ ತಿದ್ದುಪಡಿ ಮಾಡೋಣ ಅಂತಿದ್ದೀವಿ. ಕತ್ತರಿಸಿದ್ದನ್ನ ಸೇರಿಸಿದ್ರೆ ಒಟ್ಟಿನಲ್ಲೂ ನೀವು ಮೇಲಿನವರ ಸಾಲಿಗೆ ಬರ್ತೀರಿ. ಒಂದು ವಿನಂತಿ ಬರೆದುಕೊಡಿ."

ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಮೇಲಿನವರ ಸಾಲು ಎಂದರೆ ಒಳ್ಳೆಯ ಆಸ್ಪತ್ರೆಯಲ್ಲಿ ಕೆಲಸ. 

"ನನಗೊಬ್ಬಳಿಗಾ ಮೇಡಂ?"

"ತನಿಖೆ ಆಗಿದ್ದು ನಿಮ್ಮದು ತಾನೆ."

"ಮೌಖಿಕವೂ ನನಗೊಬ್ಬಳಿಗೇ, ತಿದ್ದುಪಡಿಯೂ ನನಗೊಬ್ಬಳಿಗೇ. ಬೇಡ ಮೇಡಂ. ತಾಯಿಗೆ ಕಾಯಿಲೆ ಅಂತ ತಡ ಮಾಡಿದವಳಿದ್ದಾಳೆ, ಪಾರ್ಟ್‌ಟೈಮ್ ಕೆಲಸ ಮುಗಿಸಿ ಬರೋಳಿದ್ದಾಳೆ. ಅವರದ್ದೂ ಕೆಂಪು ಪೆನ್ನಲ್ಲಿ ಹೋಗಿದೆ. ಸೇರಿಸೋದಾದ್ರೆ ಎಲ್ಲರದ್ದೂ ಸೇರಿಸಿ. ಇಲ್ಲ ಅಂದ್ರೆ ನಂದು ಇರೋ ಹಾಗೇ ಇರಲಿ, ನಾಚಿಕೆ ಪಡೋವಂಥದ್ದೇನಿಲ್ಲ ಅದರಲ್ಲಿ."

"ಮಾತು ಕಲಿತಿದ್ದೀರಿ" ಎಂದರು ಪ್ರಿನ್ಸಿಪಾಲರು. ಬೈಗುಳವೋ ಮೆಚ್ಚುಗೆಯೋ ಹೇಳುವಂತಿರಲಿಲ್ಲ.

ಎಲ್ಲರದ್ದೂ ಸೇರಿಸಲಿಲ್ಲ. ಹಳೆಯ ಅಂಕ ಮುಟ್ಟುವುದಕ್ಕೆ ಮಂಡಳಿ ಒಪ್ಪಲಿಲ್ಲ ಎಂದು ಸುತ್ತೋಲೆ ಬಂತು. ಮುಂದಿನ ಬ್ಯಾಚಿನಿಂದ ತಡದ ಲೆಕ್ಕ ಬೇರೆ, ಬರೆದದ್ದರ ಲೆಕ್ಕ ಬೇರೆ ಎಂದಾಯಿತು. ಒಟ್ಟು ಅಂಕದಲ್ಲಿ ಲೇಟಕ್ಕ ತರಗತಿಯ ನಡುಮಧ್ಯದಲ್ಲೇ ಉಳಿದಳು. "ಇಷ್ಟೆಲ್ಲ ರಂಪ ಮಾಡಿ ನಿನಗೇನು ಸಿಕ್ತು?" ಎಂದು ಗಂಡ ಕೇಳಿದಾಗ, "ಕಳ್ಳಿ ಅನ್ನಿಸ್ಕೊಳ್ಳದೆ ವಾರ್ಡಿಗೆ ಹೋಗೋದು ಸಿಕ್ತು" ಎಂದಳು.

ಫಸ್ಟ್ ಬೆಂಚು ಮರುಪರೀಕ್ಷೆ ಕಟ್ಟಿದಳು. ಅಪ್ಪ ಟ್ಯೂಷನ್ ಗೊತ್ತುಮಾಡುತ್ತೇನೆಂದರೂ ಕೇಳದೆ ಸಂಜೆ ಲೇಟಕ್ಕನ ಮನೆಗೆ ಬರತೊಡಗಿದಳು. "ಬಾ. ಆದ್ರೆ ತಲೆಬರಹ ಹಾಕಿ ಬಾಯಿಪಾಠ ಒಪ್ಪಿಸಿದ್ರೆ ಎದ್ದು ಒಳಗೆ ಹೋಗ್ತೀನಿ" ಎಂದು ಲೇಟಕ್ಕ ಮೊದಲೇ ಹೇಳಿದ್ದಳು. ಅತ್ತೆಗೆ ಹೊಸಬಳೊಬ್ಬಳು ಸಿಕ್ಕಿದ್ದೇ ಹಬ್ಬವಾಯಿತು. ಮೊದಲ ವಾರ ಆ ಹುಡುಗಿಯ ಕೈಯಲ್ಲಿ ಅವರು ಹಲವು ಸಲ ಸತ್ತರು. ಮರುಪರೀಕ್ಷೆಯಲ್ಲಿ ಅವಳು ಪಾಸಾದಳು, ಹೆಚ್ಚೇನೂ ಬರಲಿಲ್ಲ. ಆ ಅಂಕವನ್ನು ಅವಳು ಔಷಧಿ ಅಂಗಡಿಯಲ್ಲಿ, ಗಿರಾಕಿಗಳ ಎದುರೇ, ಅಪ್ಪನಿಗೆ ಗಟ್ಟಿಯಾಗಿ ಹೇಳಿದಳಂತೆ.

ಮೂರನೇ ವರ್ಷದ ಮೊದಲ ಇಂಟರ್ನಲ್ ಬಂದಾಗ ಲೇಟಕ್ಕನಿಗೆ ಮತ್ತೆ ಕಡಿಮೆ ಅಂಕ ಬಿದ್ದಿತ್ತು. ಹಿಂದಿನಂತೆ ಮಡಚಿ ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಟ್ಯೂಟರ್ ಮೇಡಂ ಕೋಣೆಗೆ ನೇರವಾಗಿ ಹೋಗಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಇದ್ಯಾಕೆ ಮೇಡಂ ಕಡಿಮೆ? ನಾನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೆ."

ಟ್ಯೂಟರ್ ಮೇಡಂ ಹಾಳೆಯನ್ನು ಅವಳ ಕಡೆಗೇ ತಿರುಗಿಸಿದರು. "ಈ ರೋಗಿಗೆ ಯಾವ ಔಷಧಿ ಆಗಿಬರಲ್ಲ ಅಂತ ಬರೆದಿದ್ದೀರಾ? ಎಲ್ಲಿ, ತೋರಿಸಿ."

ಅವಳು ಮೇಲಿನಿಂದ ಕೆಳಗಿನತನಕ ಓದಿದಳು. ಬರೆದಿರಲಿಲ್ಲ.

"ಇಲ್ಲ ಮೇಡಂ. ಇದು ಸರಿ ಇದೆ" ಎಂದು ಹಾಳೆ ತೆಗೆದುಕೊಂಡು ಹೊರಗೆ ಬಂದಳು. ಹೊರಗೆ ಸಾಲಾಗಿ ನಿಂತಿದ್ದ ಹುಡುಗಿಯರ ಕೈಯಲ್ಲೂ ಒಂದೊಂದು ಹಾಳೆ ಇತ್ತು. "ಒಳಗೆ ಹೋಗಿ ಕೇಳ್ರೇ" ಎಂದಳು ಅವಳು. "ಕಚ್ಚಲ್ಲ, ಹೇಳ್ತಾರೆ."